ನಡಿಗೆ ಅಳೆಯುವ ಸೆನ್ಸರ್: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಫಿಸಿಯೋಥೆರಪಿಸ್ಟ್. ಪಾರ್ಕಿನ್ಸನ್, ಸ್ಟ್ರೋಕ್, ಅಟಾಕ್ಸಿಯಾ (ಮೈ ಹಿಡಿತ ತಪ್ಪಿ ನಡಿಗೆ ತೂರಾಡುವ ತೊಂದರೆ) ಇರುವವರ ನಡಿಗೆ ನೋಡುವುದೇ ನನ್ನ ದಿನದ ಕೆಲಸ. ಬೆಂಕಿಪೊಟ್ಟಣದಷ್ಟು ಸೆನ್ಸರ್ ಒಂದನ್ನು ಸೊಂಟಕ್ಕೆ ಕಟ್ಟಿ, "ಒಂದು ವಾರ ಹೀಗೇ ಇರಲಿ" ಅಂತ ಮನೆಗೆ ಕಳಿಸುತ್ತೇನೆ. ಅಲ್ಲಿಂದ ಫೋನ್ ಶುರು. ಮಗ ಕೇಳಿದ್ದನ್ನೇ ಸೊಸೆ ಕೇಳುತ್ತಾರೆ, ಮರುದಿನ ಪೇಷಂಟೇ ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಡಾಕ್ಟರ್ ಕಣ್ಣಾರೆ ನೋಡಿದ್ದಾರಲ್ಲ, ಮತ್ತೆ ಈ ಮಷೀನ್ ಯಾಕೆ?

ಶ್ರೀನಿವಾಸಪುರ ಕಡೆಯ ಒಬ್ಬರು ತಾತ. ಮಾವಿನ ತೋಟ ಇದೆ, ಪಾರ್ಕಿನ್ಸನ್ ಬಂದು ಆರು ವರ್ಷ. ನನ್ನ ಮುಂದೆ ಕಾರಿಡಾರಿನಲ್ಲಿ ನಡೆದರು ನೋಡಿ, ಮದುವೆಗೆ ಹೊರಟ ಹಾಗೆ! ಎದೆ ಎತ್ತಿ, ಕೈ ಬೀಸಿ. ಪಕ್ಕದಲ್ಲಿ ನಿಂತಿದ್ದ ಅಜ್ಜಿಗೆ ಸಿಟ್ಟೇ ಬಂತು. "ಇಲ್ಲಿ ಹಿಂಗೆ ನಡೀತಾರೆ ಮೇಡಂ. ಮನೇಲಿ ಬಚ್ಚಲಿಗೆ ಹೋಗೋಕೆ ಗೋಡೆ ಹಿಡ್ಕೊಂಡು ಹತ್ತು ನಿಮಿಷ. ನಾನು ಸುಳ್ಳು ಹೇಳ್ತೀನಿ ಅಂದ್ಕೊಂಡಿರಾ?"

ಅಜ್ಜಿ ಸುಳ್ಳು ಹೇಳುತ್ತಿರಲಿಲ್ಲ. ತಾತ ನಾಟಕ ಮಾಡುತ್ತಲೂ ಇರಲಿಲ್ಲ. ನಾವು ನಡೆಯುವಾಗ ಹೆಜ್ಜೆಯ ಬಗ್ಗೆ ಯೋಚಿಸುವುದಿಲ್ಲ, ಅದು ತಾನಾಗೇ ಆಗುತ್ತದೆ. ಪಾರ್ಕಿನ್ಸನ್‌ನಲ್ಲಿ ಹಾಳಾಗುವುದು ಈ 'ತಾನಾಗೇ' ಅನ್ನುವ ಭಾಗವೇ. ಡಾಕ್ಟರ್ ಎದುರಿಗೆ ಇದ್ದಾಗ ಪೂರ್ತಿ ಗಮನ ಕಾಲಿನ ಮೇಲೆ ಇರುತ್ತದೆ, ಗಮನವೇ ಆ ಕೊರತೆ ತುಂಬಿಕೊಡುತ್ತದೆ. ಮನೆಯಲ್ಲಿ ಹಾಗಲ್ಲ. ಕೈಯಲ್ಲಿ ಕಾಫಿ ಲೋಟ, ಹೊರಗೆ ಯಾರೋ ಕೂಗಿದರು, ಮೊಮ್ಮಗ ಅಡ್ಡ ಬಂದ. ಗಮನ ಅತ್ತ ಹೋದ ತಕ್ಷಣ ಹೆಜ್ಜೆ ಚಿಕ್ಕದಾಗುತ್ತದೆ. ಕಾರಿಡಾರಿನ 10 ಮೀಟರ್‌ನಲ್ಲಿ ನನಗೆ ಸಿಗುವುದು ಅವರ ಕೈಲಿ *ಎಷ್ಟು ಆಗುತ್ತದೆ* ಅನ್ನುವುದು. ಅವರು ದಿನಾ *ಎಷ್ಟು ಮಾಡುತ್ತಾರೆ* ಅನ್ನುವುದು ಮನೆಯಲ್ಲೇ ಇರುತ್ತದೆ. ನಾನು ನಿಮ್ಮ ಮನೆಯಲ್ಲಿ ವಾರಪೂರ್ತಿ ಕೂರೋಕೆ ಆಗಲ್ಲ ಅಲ್ವಾ? ಅದಕ್ಕೇ ಸೆನ್ಸರ್.

ಅದರೊಳಗೆ ಏನಿದೆ?

ಮುಖ್ಯವಾಗಿ ಎರಡು ಚಿಪ್. ಒಂದು ಆಕ್ಸೆಲೆರೋಮೀಟರ್. ಬಸ್ ಡ್ರೈವರ್ ಬ್ರೇಕ್ ಹಾಕಿದಾಗ ನೀವು ಮುಂದಕ್ಕೆ ವಾಲುತ್ತೀರಲ್ಲ, ಆ ತರದ ಎಳೆತ ಅದಕ್ಕೆ ಗೊತ್ತಾಗುತ್ತದೆ. ಸುಮ್ನೆ ಮೇಜಿನ ಮೇಲೆ ಇಟ್ಟರೂ ಅದು 9.8 ಅಂತ ತೋರಿಸುತ್ತದೆ (ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 9.8 ಮೀಟರ್ ಏರಿಸುವಷ್ಟು ಎಳೆತ), ಅದು ಭೂಮಿಯ ಸೆಳೆತ. ಹೀಗಾಗಿ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಅನ್ನುವುದೂ ಅದಕ್ಕೆ ತಿಳಿಯುತ್ತದೆ. ಇನ್ನೊಂದು ಜೈರೋಸ್ಕೋಪ್. ದೇಹ ಎಷ್ಟು ಬೇಗ ತಿರುಗಿತು ಅನ್ನುವುದು ಅದರ ಲೆಕ್ಕ.

ಎರಡೂ ಚಿಪ್ ಮೂರು ದಿಕ್ಕಿನಲ್ಲಿ ಅಳೆಯುತ್ತವೆ, ಸೆಕೆಂಡಿಗೆ 100 ಸಲ. ದಿನಕ್ಕೆ 86,400 ಸೆಕೆಂಡ್. ಗುಣಿಸಿ ನೋಡಿ, ಒಂದು ದಿನಕ್ಕೆ 5 ಕೋಟಿಗೂ ಜಾಸ್ತಿ ಅಂಕಿ. ನಾನು ಅದನ್ನು ಕೂತು ಓದುವುದಿಲ್ಲ, ಕಂಪ್ಯೂಟರ್ ಓದುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿದಾಗ ಸೊಂಟದವರೆಗೂ ಒಂದು ಸಣ್ಣ ಕುಲುಕು ಬರುತ್ತದೆ. ಆ ಕುಲುಕಿನಿಂದ ಕುಲುಕಿಗೆ ಒಂದು ಹೆಜ್ಜೆ.

ಎಲ್ಲಿ ಕಟ್ಟಿಕೊಳ್ಳಬೇಕು? ಕೈಗೆ ಕಟ್ಟಿದರೆ ಆಗಲ್ವಾ?

ಉಡಿದಾರ ಎಲ್ಲಿ ಕೂರುತ್ತದೋ ಅಲ್ಲಿ, ಬೆನ್ನಿನ ಕಡೆ, ನಡು ಮಧ್ಯಕ್ಕೆ. ಇಷ್ಟು ಹೇಳಿದರೆ ನಮ್ಮ ಕಡೆ ಎಲ್ಲರಿಗೂ ಜಾಗ ಗೊತ್ತಾಗುತ್ತದೆ. ಸೀರೆ ಉಡುವವರು ಲಂಗದ ಲಾಡಿಯ ಸ್ವಲ್ಪ ಮೇಲೆ ಬೆಲ್ಟ್ ಹಾಕಿಕೊಳ್ಳಿ. ಲಾಡಿಗೇ ಸಿಕ್ಕಿಸಬೇಡಿ, ಜೋತಾಡುತ್ತದೆ. ಜೋತಾಡಿದರೆ ಅದರ ಕುಲುಕೂ ಲೆಕ್ಕಕ್ಕೆ ಸೇರುತ್ತದೆ.

ಕೈಗೆ ಕಟ್ಟುವುದು ನಡುಕ ನೋಡೋಕೆ ಒಳ್ಳೆಯದು. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ ಸುಮಾರು 4ರಿಂದ 6 ಸಲ ಬರುತ್ತದೆ, ಅದು ಮಣಿಕಟ್ಟಿನಲ್ಲಿ ಚೆನ್ನಾಗಿ ಸಿಗುತ್ತದೆ. ನಡಿಗೆಗೆ ಮಾತ್ರ ನಮ್ಮ ಹಿರಿಯರ ಕೈ ನಂಬುವಂತಿಲ್ಲ. ಒಬ್ಬರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಾರೆ. ಇನ್ನೊಬ್ಬರು ಪಂಚೆಯ ತುದಿ ಹಿಡಿದುಕೊಂಡು. ವಾಕರ್ ತಳ್ಳುವವರ ಕೈ ಅಲ್ಲಾಡುವುದೇ ಇಲ್ಲ. ಅರ್ಧ ಫರ್ಲಾಂಗ್ ನಡೆದಿರುತ್ತಾರೆ, ವಾಚು ಕೂತಿದ್ದಾರೆ ಅನ್ನುತ್ತದೆ.

ಕಾಲಿನ ಗಂಟಿಗೆ ಕಟ್ಟಿದರೆ ಹೆಜ್ಜೆ ಸ್ಪಷ್ಟವಾಗಿ ಸಿಗುತ್ತದೆ, ನಿಜ. ಆದರೆ ಬಂಗಾರಪೇಟೆಯ ಒಬ್ಬರು ಅಜ್ಜಿ ದಿನಾ ಮಧ್ಯಾಹ್ನ ಸಾವಿರಾರು ಹೆಜ್ಜೆ ನಡೆಯುತ್ತಿದ್ದಾರೆ ಅಂತ ರಿಪೋರ್ಟ್ ಬಂತು. ಕೇಳಿದರೆ, ಕುರ್ಚಿಯಲ್ಲಿ ಕೂತು ಕಾಲಿನಿಂದ ಮರಿಮಗುವಿನ ತೊಟ್ಟಿಲು ತೂಗುತ್ತಿದ್ದರು!

ಶೂ ಒಳಗೆ ಇಡುವ ಸೆನ್ಸರ್ ಕೂಡ ಇದೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಓಡಾಡುವ ಮನೆಗೆ ಅದು ಯಾವ ಪ್ರಯೋಜನಕ್ಕೆ?

ಎಷ್ಟು ಹೆಜ್ಜೆ ಅಂತ ತಾನೇ ನೋಡೋದು?

ನನಗೆ ಅದು ಕೊನೆಗೆ ಬೇಕಾದ ಅಂಕಿ. ಪಾರ್ಕಿನ್ಸನ್ ಇರುವವರು ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾರೆ, ಹಾಗಾಗಿ ಅದೇ ದೂರಕ್ಕೆ ಹೆಜ್ಜೆ ಜಾಸ್ತಿ ಬೇಕು. "ಅಪ್ಪ ಹೋದ ತಿಂಗಳಿಗಿಂತ ಜಾಸ್ತಿ ಹೆಜ್ಜೆ ಹಾಕಿದ್ದಾರೆ" ಅಂತ ಮಗ ಖುಷಿಪಟ್ಟರೆ ನಾನು ಮೊದಲು ಹೆಜ್ಜೆಯ ಉದ್ದ ನೋಡುತ್ತೇನೆ.

ಮೊದಲು ವೇಗ. ಆರೋಗ್ಯವಂತ ದೊಡ್ಡವರು ಸಾಮಾನ್ಯವಾಗಿ ಸೆಕೆಂಡಿಗೆ 1.2ರಿಂದ 1.4 ಮೀಟರ್ ನಡೆಯುತ್ತಾರೆ. ಅದು 0.8ಕ್ಕಿಂತ ಇಳಿದರೆ, ಅಂದರೆ 10 ಮೀಟರ್‌ಗೆ ಹನ್ನೆರಡೂವರೆ ಸೆಕೆಂಡಿಗಿಂತ ಜಾಸ್ತಿ ಹಿಡಿದರೆ, ಹೊರಗಿನ ಓಡಾಟ ಕಷ್ಟ. ಕ್ಲಾಕ್ ಟವರ್ ಹತ್ತಿರ ರಸ್ತೆ ದಾಟುವುದನ್ನು ನೆನೆಸಿಕೊಳ್ಳಿ, ಅಲ್ಲಿ ಯಾವ ಆಟೋ ನಿಮಗಾಗಿ ನಿಲ್ಲುತ್ತದೆ?

ಆಮೇಲೆ ಹೆಜ್ಜೆಯಿಂದ ಹೆಜ್ಜೆಗೆ ಇರುವ ವ್ಯತ್ಯಾಸ. ಒಳ್ಳೆಯ ನಡಿಗೆ ಗಡಿಯಾರದ ಹಾಗೆ, ಒಂದೇ ತಾಳ. ಅಟಾಕ್ಸಿಯಾದಲ್ಲಿ ಚಿಕ್ಕಮೆದುಳು ಕೈಕೊಡುವುದರಿಂದ ತಾಳ ತಪ್ಪುತ್ತದೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ, ಕಾಲು ಅಗಲ. ಹಾದಿಯಲ್ಲಿ ನೋಡಿದವರು ಕುಡಿದಿದ್ದಾರೆ ಅಂದುಕೊಳ್ಳುತ್ತಾರೆ. ಪಾಪ, ಈ ಮಾತು ಕೇಳಿ ಕೇಳಿ ಮನೆಯಿಂದ ಹೊರಗೇ ಬರದವರು ಇದ್ದಾರೆ. ಸ್ಟ್ರೋಕ್ ಆದವರಲ್ಲಿ ನೋಡಬೇಕಾದ್ದು ಎಡ ಬಲದ ವ್ಯತ್ಯಾಸ. ಬಲವಿಲ್ಲದ ಕಾಲನ್ನು ಸುತ್ತುಹಾಕಿ ತರುತ್ತಾರೆ, ಆ ಕಾಲಿನ ಮೇಲೆ ಭಾರ ಬಿಡಲು ಹೆದರುತ್ತಾರೆ.

ಎರಡೂ ಪಾದ ನೆಲದ ಮೇಲೆ ಇರುವ ಹೊತ್ತು ಸರಿಯಾದ ನಡಿಗೆಯಲ್ಲಿ ಶೇಕಡ 20ರ ಆಸುಪಾಸು. ಬೀಳುವ ಭಯ ಇದ್ದವರಲ್ಲಿ ಇದು ಏರುತ್ತದೆ. ತಿರುಗುವುದೂ ಮುಖ್ಯ. ನೀವು ನಾವು ಎರಡು ಮೂರು ಹೆಜ್ಜೆಯಲ್ಲಿ ಹಿಂದಕ್ಕೆ ತಿರುಗುತ್ತೇವೆ. ಪಾರ್ಕಿನ್ಸನ್ ಇದ್ದವರು ತಲೆ, ಭುಜ, ಸೊಂಟ ಎಲ್ಲ ಒಟ್ಟಿಗೆ, ಕಂಬ ತಿರುಗಿಸಿದ ಹಾಗೆ, ಏಳೆಂಟು ಪುಟ್ಟ ಹೆಜ್ಜೆ ಹಾಕುತ್ತಾರೆ. ನೇರ ನಡಿಗೆ ಚೆನ್ನಾಗಿದ್ದು ತಿರುವಿನಲ್ಲಿ ಬೀಳುವವರನ್ನು ನಾನು ಬಹಳ ನೋಡಿದ್ದೇನೆ.

ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಅದು ಸೆನ್ಸರ್‌ಗೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಇದಕ್ಕೆ ಫ್ರೀಜಿಂಗ್ ಅನ್ನುತ್ತಾರೆ. ಹತ್ತಿರದಿಂದ ನೋಡಿ: ಹಾಗೆ ನಿಂತಾಗ ಕಾಲು ಎಷ್ಟೋ ಸಲ ಸುಮ್ಮನಿರುವುದಿಲ್ಲ, ಮೊಣಕಾಲು ಸಣ್ಣಗೆ ಅದುರುತ್ತಿರುತ್ತದೆ. ಮಾಮೂಲಿ ನಡಿಗೆಯ ಅಲುಗಾಟ ಸೆಕೆಂಡಿಗೆ 3 ಸಲಕ್ಕಿಂತ ಕೆಳಗೆ. ಈ ಅದುರು 3ರಿಂದ 8ರ ನಡುವೆ. ಎರಡರಲ್ಲಿ ಯಾವುದು ಜಾಸ್ತಿ ಅಂತ ಭಾಗಿಸಿ ನೋಡಿದರೆ ಫ್ರೀಜಿಂಗ್ ಹಿಡಿಯಬಹುದು ಅಂತ 2008ರಲ್ಲೇ ತೋರಿಸಿದ್ದಾರೆ, ಇವತ್ತಿಗೂ ಈ ಲೆಕ್ಕ ಚಾಲ್ತಿಯಲ್ಲಿದೆ. ಆದರೆ ಅದುರದೆ ಕಲ್ಲಿನ ಹಾಗೆ ನಿಲ್ಲುವವರೂ ಇದ್ದಾರೆ. ಅವರು ಬೇಕಂತಲೇ ನಿಂತರೋ, ಸಿಕ್ಕಿಕೊಂಡರೋ ಸೊಂಟದ ಸೆನ್ಸರ್‌ಗೆ ತಿಳಿಯುವುದು ಕಷ್ಟ.

ಇದು ಹೆಚ್ಚಾಗಿ ಆಗುವುದು ಬಾಗಿಲಲ್ಲಿ, ಇಕ್ಕಟ್ಟಿನಲ್ಲಿ, ತಿರುವಿನಲ್ಲಿ. ನಮ್ಮ ಹಳೆಯ ಮನೆಗಳ ಬಾಗಿಲು ಸಣ್ಣದು, ಮೇಲೆ ಹೊಸ್ತಿಲು ಬೇರೆ. ಎಳೆಯಬೇಡಿ, "ಬಾ ಬಾ ಬೇಗ" ಅನ್ನಬೇಡಿ. ಅವಸರ ಮಾಡಿದಷ್ಟೂ ಕಾಲು ಹಿಡಿಯುತ್ತದೆ. ನಿಲ್ಲಲಿ, ಉಸಿರು ಬಿಡಲಿ, ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಹಾಕಲಿ, ಆಮೇಲೆ ದೊಡ್ಡ ಹೆಜ್ಜೆ. ನೆಲದ ಮೇಲೆ ಅಡ್ಡ ಗೆರೆ ಇದ್ದರೆ ಅದನ್ನು ದಾಟುವ ನೆಪದಲ್ಲಿ ಕಾಲು ಏಳುತ್ತದೆ. ಮಾಲೂರಿನ ಒಂದು ಮನೆಯಲ್ಲಿ ಸೊಸೆ ರಂಗೋಲಿಗೆ ಬಾಗಿಲ ಮುಂದೆ ಎಳೆಯುವ ಹಾಗೇ ಬಚ್ಚಲ ದಾರಿಗೆ ಚಾಕ್‌ಪೀಸಿನಲ್ಲಿ ಅಡ್ಡ ಗೆರೆ ಎಳೆದಿದ್ದರು. ನಾನು ಹೇಳಿಕೊಟ್ಟಿದ್ದಲ್ಲ, ಅವರೇ ಕಂಡುಕೊಂಡಿದ್ದು.

ಮಾತ್ರೆಗೂ ಇದಕ್ಕೂ ಏನು ಸಂಬಂಧ? ಅವರೆಕಾಯಿ ತಿನ್ನಬಾರದು ಅಂತಾರೆ, ನಿಜಾನಾ?

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿದ ಮೇಲೆ ನಡಿಗೆ ಸುಧಾರಿಸುತ್ತದೆ, ಕೆಲವು ಗಂಟೆ ಕಳೆದ ಮೇಲೆ ಇಳಿಯುತ್ತದೆ. ಕಾಯಿಲೆ ಹಳೆಯದಾದಷ್ಟೂ ಈ ಒಳ್ಳೆಯ ಹೊತ್ತು ಗಿಡ್ಡವಾಗುತ್ತದೆ. ಇಡೀ ದಿನದ ನಡಿಗೆಯ ವೇಗವನ್ನು ಗೆರೆ ಎಳೆದು ತೋರಿಸಿದರೆ ಈ ಏರಿಳಿತ ಕಣ್ಣಿಗೆ ಕಾಣುತ್ತದೆ. ನನ್ನ ಪ್ರಕಾರ ಸೆನ್ಸರ್‌ನಿಂದ ಆಗುವ ದೊಡ್ಡ ಉಪಕಾರ ಇದೇ.

ಅವರೆಕಾಯಿ ವಿಷಯ. ಲೆವೊಡೋಪಾ ಕರುಳಿನಲ್ಲಿ ರಕ್ತಕ್ಕೆ ಸೇರುವ ದಾರಿ ಮತ್ತು ಪ್ರೋಟೀನ್ ಸೇರುವ ದಾರಿ ಒಂದೇ. ಎರಡೂ ಒಟ್ಟಿಗೆ ಬಂದರೆ ನೂಕುನುಗ್ಗಲು, ಮಾತ್ರೆ ಹಿಂದೆ ಬೀಳುತ್ತದೆ. ಹಿದುಕಿದ ಬೇಳೆ ಸಾರಾಗಲಿ, ಮಟನ್ ಆಗಲಿ, ತಟ್ಟೆ ತುಂಬ ಪ್ರೋಟೀನ್ ತಿಂದ ತಕ್ಷಣ ಮಾತ್ರೆ ನುಂಗಿದರೆ ಕೆಲವರಲ್ಲಿ ಅದು ತಡವಾಗಿ ಕೆಲಸ ಮಾಡುತ್ತದೆ. ಹಾಗಂತ ಚಳಿಗಾಲದಲ್ಲಿ ಕೋಲಾರದವರಿಗೆ ಅವರೆಕಾಯಿ ಬಿಡಿ ಅನ್ನೋಕೆ ನನಗೆ ಧೈರ್ಯ ಇಲ್ಲ, ಬಿಡಬೇಕಾಗಿಯೂ ಇಲ್ಲ. ಮಾತ್ರೆಯನ್ನು ಊಟಕ್ಕೆ ಎಷ್ಟು ಮೊದಲು ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ. ಗ್ರಾಫ್ ನೋಡಿಕೊಂಡು ನೀವೇ ಮಾತ್ರೆ ಹೆಚ್ಚು ಕಡಿಮೆ ಮಾಡಬೇಡಿ. ಏಕಾಏಕಿ ನಿಲ್ಲಿಸುವುದಂತೂ ಅಪಾಯ.

ನೋಟ್‌ಬುಕ್ ಬೇರೆ ಬರೀಬೇಕಾ? ಎಲ್ಲ ಮಷೀನೇ ಬರ್ಕೊಳ್ಳುತ್ತಲ್ಲ?

ಮಷೀನಿಗೆ ಸಂಜೆ 5ಕ್ಕೆ ನಡಿಗೆ ನಿಧಾನವಾಯಿತು ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ. ಮಾತ್ರೆ ಇಳಿಯಿತಾ, ಮಂಡಿ ನೋವಾ, ಕತ್ತಲಲ್ಲಿ ಕರೆಂಟ್ ಹೋಗಿತ್ತಾ, ಕೈಯಲ್ಲಿ ಹಾಲಿನ ಪಾತ್ರೆ ಇತ್ತಾ? ಅದು ಮನೆಯವರಿಗೆ ಮಾತ್ರ ಗೊತ್ತು.

ಆ ಶ್ರೀನಿವಾಸಪುರದ ಅಜ್ಜಿ ನೋಟ್‌ಬುಕ್ ಬೇಡ ಅಂದರು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುವ ಗೋಡೆ ಕ್ಯಾಲೆಂಡರ್‌ನಲ್ಲೇ ಪೆನ್ಸಿಲ್‌ನಲ್ಲಿ ಬರೆದರು. ಒಂದು ದಿನದ ಚೌಕದಲ್ಲಿ ಇದ್ದದ್ದು ಇಷ್ಟು: "7 ಮಾತ್ರೆ. 1 ಮಾತ್ರೆ. 5½ ಬಚ್ಚಲ ಬಾಗಿಲು ನಿಂತರು. 6 ಮತ್ತೆ. 8 ಮಾತ್ರೆ. 9 ಸರಿ." ವಾರ ಮುಗಿದ ಮೇಲೆ ಆ ಹಾಳೆಯನ್ನೇ ಹರಿದು ಮಡಿಚಿ ತಂದರು. ಸೆನ್ಸರ್ ಗ್ರಾಫ್ ಪಕ್ಕದಲ್ಲಿ ಇಟ್ಟು ನೋಡಿದೆವು. ಏಳು ದಿನದಲ್ಲಿ ಆರು ದಿನ ಸಂಜೆ 5ರಿಂದ 8ರವರೆಗೆ ಹೆಜ್ಜೆಯ ಉದ್ದ ಕುಸಿದಿತ್ತು. ಬೆಳಗ್ಗೆ 10ಕ್ಕೆ ಆಸ್ಪತ್ರೆಗೆ ಬರುವವರ ಸಂಜೆ 6 ಗಂಟೆ ನಮಗೆ ಹೇಗೆ ಕಾಣಬೇಕು? ನ್ಯೂರಾಲಜಿಸ್ಟ್ ಮಾತ್ರೆಯ ಹೊತ್ತು ಬದಲಿಸಿದರು. ಗ್ರಾಫ್ ಒಂದೇ ಇದ್ದಿದ್ದರೆ, ತೋಟದ ಕೆಲಸ ಮಾಡಿ ಸುಸ್ತಾಗಿರಬೇಕು ಅಂತ ನಾನೇ ಅಂದುಕೊಂಡಿರುತ್ತಿದ್ದೆ.

ಇಷ್ಟು ಬರೆದರೆ ಸಾಕು: ಮಾತ್ರೆಯ ಹೊತ್ತು, ಊಟದ ಹೊತ್ತು, ಎಡವಿದ್ದು, ಬಿದ್ದದ್ದು, ಸೆನ್ಸರ್ ಬಿಚ್ಚಿದ್ದು. ಅಕ್ಷರ ಬರದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ತೆಲುಗಿನಲ್ಲಿ ಹೇಳಿದರೂ ನಡೆಯುತ್ತದೆ.

ಸೆನ್ಸರ್ ತಪ್ಪು ಹೇಳುತ್ತಾ?

ಹೇಳುತ್ತದೆ. ತುಂಬ ನಿಧಾನವಾಗಿ ನಡೆಯುವವರಲ್ಲಿ, ಕಾಲೆಳೆದು ನಡೆಯುವವರಲ್ಲಿ ಕುಲುಕು ಸಣ್ಣದು, ಹೆಜ್ಜೆ ತಪ್ಪಿಹೋಗುತ್ತದೆ. ಮನೆಯೊಳಗಿನ ನಡಿಗೆ ತುಂಡು ತುಂಡು, ನಾಲ್ಕು ಹೆಜ್ಜೆ, ನಿಲ್ಲು, ಮತ್ತೆ ಮೂರು ಹೆಜ್ಜೆ. ಅಷ್ಟು ಚಿಕ್ಕ ತುಂಡಿನಲ್ಲಿ ಲೆಕ್ಕ ಸರಿಯಾಗಿ ಬರುವುದು ಕಷ್ಟ. ಟ್ರ್ಯಾಕ್ಟರ್ ಮೇಲೆ ಕೂತರೆ, ಹಳ್ಳಿ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದರೆ, ಕೆಲವು ಸಲ ಅದೂ ನಡಿಗೆ ಆಗಿಬಿಡುತ್ತದೆ.

ನನ್ನ ಕೈಯಿಂದಲೂ ತಪ್ಪಾಗಿದೆ. ಶುರುವಿನಲ್ಲಿ ಒಬ್ಬರ ರಿಪೋರ್ಟ್ ನೋಡಿದರೆ ಬೆಳಗಿನ ಜಾವ 1 ಗಂಟೆಗೆ ದಿನಾ ವಾಕಿಂಗ್! ಮನೆಯವರನ್ನು ಕೇಳಿದರೆ ಗಾಬರಿ. "ರಾತ್ರಿ ಎದ್ದು ಎಲ್ಲಿಗೆ ಹೋಗ್ತಾರೆ?" ಮನೆಯಲ್ಲಿ ಎರಡು ದಿನ ಪಹರೆ ಕೂಡ ಕಾದರು. ಆಮೇಲೆ ಗೊತ್ತಾಯಿತು, ಸೆನ್ಸರ್‌ನ ಗಡಿಯಾರ ಗ್ರೀನ್‌ವಿಚ್ ಸಮಯದಲ್ಲೇ ಇತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಅವರು ನಡೆದದ್ದು ಬೆಳಗ್ಗೆ ಆರೂವರೆಗೆ. ಕೈಮುಗಿದು ಕ್ಷಮೆ ಕೇಳಿದೆ. ಈಗ ಕಟ್ಟುವ ಮೊದಲು ಪೇಷಂಟ್ ಎದುರಿಗೇ ಟೈಮ್ ನೋಡುತ್ತೇನೆ, ನೀವೂ ಕೇಳಿ ತಿಳಿದುಕೊಳ್ಳಿ.

ಇದನ್ನ ಹಾಕಿಕೊಂಡರೆ ಯಾವ ಕಾಯಿಲೆ ಅಂತ ಗೊತ್ತಾಗುತ್ತಾ?

ಇಲ್ಲ. ನಡಿಗೆ ಹೇಗಿದೆ ಅಂತ ಹೇಳುತ್ತದೆ, ಯಾಕೆ ಹಾಗಿದೆ ಅಂತ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ಮುಖ್ಯ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು ಮಂಡಿ ಬಿಗಿಯಬಹುದು, ತೀರಾ ಹೆಚ್ಚಾದರೆ ಬೆನ್ನುಹುರಿಯೇ ಒತ್ತಿಕೊಳ್ಳಬಹುದು. ಅವರ ನಡಿಗೆಯೂ ನಿಧಾನ, ಹೆಜ್ಜೆಯೂ ಗಿಡ್ಡ. ಸಕ್ಕರೆ ಕಾಯಿಲೆಯಿಂದ ಪಾದದ ನರ ಸತ್ತವರು, ಬಿ12 ಕಡಿಮೆ ಇರುವವರು, ಬರೀ ಮಂಡಿ ಸವೆದವರು, ಎಲ್ಲರೂ ಗ್ರಾಫಿನಲ್ಲಿ ಅಕ್ಕಪಕ್ಕದವರ ಹಾಗೆ ಕಾಣಬಹುದು.

ಮೆದುಳಿನಲ್ಲಿ ನೀರು ತುಂಬುವ ಒಂದು ಕಾಯಿಲೆ ಇದೆ, ನಡಿಗೆ, ಮೂತ್ರ, ಮರೆವು ಮೂರೂ ಕೆಡುತ್ತವೆ. ಅದರಲ್ಲಿ ಬೆನ್ನಿನಿಂದ 30ರಿಂದ 50 ಮಿಲಿ ನೀರು ತೆಗೆದು, ಮೊದಲು ಮತ್ತು ಆಮೇಲೆ ನಡಿಗೆ ಅಳೆಯುತ್ತಾರೆ. ಅಲ್ಲಿ ಸೆನ್ಸರ್ ಬಲು ಉಪಯೋಗ, ಆದರೆ ಅಲ್ಲೂ ನಿರ್ಧಾರ ಡಾಕ್ಟರದ್ದೇ.

ಸ್ಮಾರ್ಟ್‌ವಾಚ್, ಫೋನ್ ಸಾಕಾಗಲ್ವಾ?

ಫೋನಿನಲ್ಲೂ ಇದೇ ತರದ ಚಿಪ್‌ಗಳಿವೆ. ಸೊಂಟದ ಪೌಚಿನಲ್ಲಿ ಬಿಗಿಯಾಗಿ ಕಟ್ಟಿಕೊಂಡರೆ ತಕ್ಕಮಟ್ಟಿಗೆ ಆಗುತ್ತದೆ. ಆದರೆ ಮನೆಯಲ್ಲಿ ಫೋನ್ ಟಿವಿ ಪಕ್ಕ ಚಾರ್ಜ್‌ಗೆ ಇರುತ್ತದೆ, ತಾತ ಅಂಗಳದಲ್ಲಿರುತ್ತಾರೆ.

ಬಿದ್ದರೆ ತಾನಾಗೇ ಫೋನ್ ಹೋಗುತ್ತಾ?

ನಾವು ಕೊಡುವುದರಲ್ಲಿ ಇಲ್ಲ. ಆ ಸೌಲಭ್ಯ ಇರುವ ವಾಚುಗಳು ದಬಕ್ಕನೆ ಬಿದ್ದರೆ ಹಿಡಿಯುತ್ತವೆ, ಗೋಡೆ ಹಿಡಿದು ಜಾರಿ ಕುಳಿತರೆ ಎಷ್ಟೋ ಸಲ ಬಿಡುತ್ತವೆ. ಅದನ್ನು ನಂಬಿ ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಶಾಕ್ ಹೊಡೆಯುತ್ತಾ? ಸ್ನಾನಕ್ಕೆ ಬಿಚ್ಚಬೇಕಾ?

ಶಾಕ್ ಇಲ್ಲ. ಅದು ಮೈಯೊಳಗೆ ಏನನ್ನೂ ಬಿಡುವುದಿಲ್ಲ, ಅಲುಗಾಟ ಬರೆದುಕೊಳ್ಳುತ್ತದೆ ಅಷ್ಟೇ. ಸ್ನಾನಕ್ಕೆ ಬಿಚ್ಚಿ, ಮತ್ತೆ ಕಟ್ಟುವಾಗ ಬಾಣದ ಗುರುತು ಮೇಲಕ್ಕೆ. ಎಂಆರ್‌ಐ ರೂಮಿಗೆ ಹಾಕಿಕೊಂಡು ಹೋಗಲೇಬೇಡಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ನಾನು ಎಲ್ಲೆಲ್ಲಿ ಹೋಗ್ತೀನಿ ಅಂತ ಮಗನಿಗೆ ಗೊತ್ತಾಗುತ್ತಾ?

ಇದನ್ನು ಕೇಳಿದ ಯಜಮಾನರು ಬೀಡಿ ಅಂಗಡಿ ಚಿಂತೆಯಲ್ಲಿದ್ದರು. ಗೊತ್ತಾಗಲ್ಲ. ನಮ್ಮ ಸೆನ್ಸರ್‌ನಲ್ಲಿ ಜಿಪಿಎಸ್ ಇಲ್ಲ, ಮೈಕ್ ಇಲ್ಲ, ಕ್ಯಾಮೆರಾ ಇಲ್ಲ. ನಡೆದಿರಿ ಅಂತ ತಿಳಿಯುತ್ತದೆ, ಎಲ್ಲಿಗೆ ಅಂತ ತಿಳಿಯಲ್ಲ. ಫೋನ್ ಆ್ಯಪ್ ಬಳಸುವುದಾದರೆ ಲೊಕೇಶನ್ ಕೇಳುತ್ತದಾ ಅಂತ ನೋಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ನಿಮ್ಮ ಒಪ್ಪಿಗೆಗೆ ಬೆಲೆ ಕೊಟ್ಟಿದೆ, ಹಾಗಾಗಿ ಸಹಿ ಹಾಕುವ ಮೊದಲು ಓದಿಸಿ ಕೇಳಿ.

ಇದನ್ನ ದೊಡ್ಡ ಕಡೆ ಒಪ್ಪಿಕೊಂಡಿದ್ದಾರಾ, ಅಥವಾ ಹೊಸ ಪ್ರಯೋಗನಾ?

ಡುಷೆನ್ ಅನ್ನುವ ಸ್ನಾಯು ಕಾಯಿಲೆಯ ಮಕ್ಕಳಿಗೆ ಕಾಲಿನ ಗಂಟಿಗೆ ಸೆನ್ಸರ್ ಕಟ್ಟಿ, ಅವರ ಅತಿ ವೇಗದ ಹೆಜ್ಜೆಗಳನ್ನು ಅಳೆಯುವ ಪದ್ಧತಿ ಇದೆ. ಹೊಸ ಔಷಧ ಪರೀಕ್ಷಿಸುವಾಗ ಈ ಅಳತೆ ಬಳಸಬಹುದು ಅಂತ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಒಪ್ಪಿತು. 2023ರಲ್ಲಿ ಅದನ್ನೇ ಮುಖ್ಯ ಅಳತೆಯಾಗಿ ಒಪ್ಪಿತು. ಪಾರ್ಕಿನ್ಸನ್, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗ) ಇರುವವರ ಸೊಂಟಕ್ಕೆ ಒಂದೇ ಸೆನ್ಸರ್ ಕಟ್ಟಿ ನಿತ್ಯದ ನಡಿಗೆ ಅಳೆಯುವ ಮೊಬಿಲೈಸ್-ಡಿ ಯೋಜನೆ 2019ರಲ್ಲಿ ಯುರೋಪಿನಲ್ಲಿ ಶುರುವಾಯಿತು, ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯ ಅದರ ಮುಂದಾಳಾಗಿತ್ತು. ಅಲ್ಲಿಯ ಫುಟ್‌ಪಾತಿಗೆ ಹೊಂದುವ ಲೆಕ್ಕ ನಮ್ಮ ಹೊಲದ ಬದುವಿಗೂ ಹಾಗೇ ಹೊಂದುತ್ತದೆ ಅಂತ ನಾನು ನಂಬುವುದಿಲ್ಲ. ಅದಕ್ಕೇ ಪ್ರತಿಯೊಬ್ಬರನ್ನೂ ಅವರ ಹಿಂದಿನ ವಾರಕ್ಕೇ ಹೋಲಿಸುತ್ತೇನೆ.

ನಮ್ಮ ಕಡೆ ಎಲ್ಲಿ ತೋರಿಸೋದು?

ಮೊದಲು ನರರೋಗ ಏನು ಅಂತ ಖಚಿತವಾಗಲಿ, ಸೆನ್ಸರ್ ಆಮೇಲೆ. ನಿಮ್ಹಾನ್ಸ್ ಜೊತೆ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ಶುರುಮಾಡಿದಾಗ ಮೊದಲ ಪಟ್ಟಿಯಲ್ಲೇ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ ಇದ್ದವು. ಅಲ್ಲಿಂದ ಶುರುಮಾಡಿ. ಶ್ರೀನಿವಾಸಪುರ ತಾಲೂಕಿನಲ್ಲಿ 45 ದಾಟಿದವರ ಮೆದುಳನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ನಡೆಸುತ್ತಿದೆ. ಅದು ಸಂಶೋಧನೆ, ಚಿಕಿತ್ಸೆಯ ಜಾಗ ಅಲ್ಲ. ಎರಡನ್ನೂ ಬೆರೆಸಿಕೊಂಡು ಬರುವವರು ಬಹಳ ಜನ.

ಯಾವಾಗ ಗಾಬರಿ ಆಗಬೇಕು?

ನಿನ್ನೆ ಸರಿ ಇದ್ದವರು ಇವತ್ತು ಒಂದು ಕಡೆ ಕಾಲೆಳೆದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಗ್ರಾಫ್ ನೋಡುತ್ತಾ ಕೂರಬೇಡಿ, ನನಗೂ ಫೋನ್ ಮಾಡಬೇಡಿ. 108ಕ್ಕೆ ಮಾಡಿ. ಸ್ಟ್ರೋಕ್‌ನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡೋಕೆ ನಾಲ್ಕೂವರೆ ಗಂಟೆ ಮಾತ್ರ ಇರುತ್ತದೆ.

ವಾರ ಮುಗೀತು, ಈಗ?

ಸೆನ್ಸರ್, ಬೆಲ್ಟ್, ಕ್ಯಾಲೆಂಡರ್ ಹಾಳೆ, ಮೂರೂ ತನ್ನಿ. ಚಾರ್ಜರ್ ಕೊಟ್ಟಿದ್ದರೆ ಅದನ್ನೂ. ಬೆಲ್ಟ್ ಒಗೆದು ನೆರಳಲ್ಲಿ ಒಣಗಿಸಿ. ಒಗೆಯುವ ಮೊದಲು ಒಳಗಿಂದ ಸೆನ್ಸರ್ ತೆಗೆದಿದ್ದೀರಾ ಅಂತ ಇನ್ನೊಂದು ಸಲ ಮುಟ್ಟಿ ನೋಡಿ.